ಹದದಕ್ಕನ ನಾಲಿಗೆ

ನಾಲಿಗೆಯಿಂದ ಅನ್ನ ಸಂಪಾದಿಸುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಅವರೆಲ್ಲ ಮಾತಾಡಿ ಸಂಪಾದಿಸುವವರು. ಹದದಕ್ಕ ಮಾತ್ರ ಬಾಯಿ ಮುಚ್ಚಿಕೊಂಡೇ ನಾಲಿಗೆಯ ಸಂಬಳ ಉಂಡವಳು.

ನೂಲಿನ ಗಿರಣಿಯ ಕ್ಯಾಂಟೀನಿನಲ್ಲಿ ಅವಳು ದೊಡ್ಡ ಅಡುಗೆಯವಳು. ಕುದಿಯುವ ಬೇಳೆಯ ಹಂಡೆಗೆ ಹರಳುಪ್ಪನ್ನು ಹಿಡಿ ತುಂಬ ಎರಚುವಳು, ಸೌಟಿನ ತುದಿಯಿಂದ ಎಡ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕುವಳು, ಕಣ್ಣು ಮುಚ್ಚುವಳು. ಕಣ್ಣು ತೆರೆಯುವಷ್ಟರಲ್ಲಿ ತೀರ್ಪು ಸಿದ್ಧ. ದಿನವಿಡೀ ಬೆವರಿಳಿಸಿ ಬಂದವರ ಬಾಯಿಗೂ ಅವಳ ಬಾಯಿಗೂ ಬೀಗಕ್ಕೆ ಬೀಗದಕೈ ಕೂತ ಹಾಗೆ ಹೊಂದಿಕೆ. ಊಟದ ಮೇಜಿನ ಮೇಲಿದ್ದ ಉಪ್ಪಿನ ಬಟ್ಟಲಿಗೆ ಯಾರೂ ಕೈ ಹಾಕದೆ ಧೂಳು ಕೂತಿತ್ತು. ಆ ಧೂಳೇ ಅವಳ ಹೆಮ್ಮೆ. ಗಿರಣಿಯವರು ಹುಟ್ಟುಹೆಸರು ಮರೆತು ಅವಳನ್ನು ಹದದಕ್ಕ ಎಂದೇ ಕೂಗುತ್ತಿದ್ದರು.

ಅಡುಗೆಮನೆಯ ಬೆನ್ನಿಗೆ ಅಂಟಿಕೊಂಡು ಒಂದು ಕೋಣೆಯಿತ್ತು. ಒಲೆಯ ಮುಂದೆ ನಿಲ್ಲುವವರಿಗೆಂದೇ ಗಿರಣಿಯವರು ಕೊಟ್ಟ ಕೋಣೆ. ಅಲ್ಲಿ ಅವಳ ತಮ್ಮ ಮಲಗಿದ್ದ. ಅದೇ ಗಿರಣಿಯಲ್ಲಿ ಯಂತ್ರ ನಡೆಸಿದವನು. ರಕ್ತದೊತ್ತಡ ತಲೆಗೇರಿ ಬಲಗೈ, ಬಲಗಾಲು, ಮುಕ್ಕಾಲು ಮಾತನ್ನು ಕಿತ್ತುಕೊಂಡು ಹೋಗಿತ್ತು. ಬೆಳಿಗ್ಗೆ ಅವನಿಗೆ ಉಣಿಸಿ, ಮಗ್ಗುಲು ಬದಲಿಸಿ, ಆಮೇಲೆ ಇವಳು ಒಲೆ ಹಚ್ಚಬೇಕು.

ಒಮ್ಮೆ ಗಿರಣಿಗೆ ತಪಾಸಣೆಗೆಂದು ಬಂದ ಡಾಕ್ಟರಮ್ಮ ಇವಳ ತೋಳಿಗೂ ರಕ್ತದೊತ್ತಡ ನೋಡುವ ಪಟ್ಟಿ ಸುತ್ತಿದಳು. ಮುಳ್ಳು ನೋಡಿ ಹುಬ್ಬು ಗಂಟಿಕ್ಕಿದಳು.

"ಮನೇಲಿ ಯಾರಿಗಾದ್ರೂ ಲಕ್ವ ಹೊಡೆದಿದೆಯಾ?"

"ಅಮ್ಮನ್ನ ಪೂರ್ತಿ ತಗೊಂಡೋಯ್ತು. ತಮ್ಮನ್ನ ಅರ್ಧ ಬಿಟ್ಟು ಹೋಗಿದೆ."

"ಈಗ ನಿಮ್ಮ ಬಾಗಿಲಲ್ಲಿ ನಿಂತಿದೆ. ಮಾತ್ರೆ ಕೊಡ್ತೀನಿ. ಆದ್ರೆ ಉಪ್ಪು ಕಮ್ಮಿ ಮಾಡದೆ ಮಾತ್ರೆ ಒಂದನ್ನೇ ನಂಬಬೇಡಿ. ಉಪ್ಪಿನಕಾಯಿ, ಪೊಟ್ಟಣದಲ್ಲಿ ಬರೋ ಕುರುಕಲು, ಬಣ್ಣದ ಸೋಡಾ, ಎಲ್ಲಾ ಬಿಟ್ಬಿಡಿ. ತರಕಾರಿ, ಹಣ್ಣು ತಿನ್ನಿ, ನೀರು ಕುಡೀರಿ."

"ಉಪ್ಪಿಗಿಂತ ರುಚಿ ಇಲ್ಲ ಅಂತಾರಲ್ಲ ತಾಯಿ?"

"ಅಂದೋರು ನಾಳೆ ನಿಮ್ಮ ತಮ್ಮನ್ನ ಮಗ್ಗುಲು ಬದಲಿಸೋಕೆ ಬರ್ತಾರಾ?"

ಆ ಮಾತು ಎದೆಗೆ ನಾಟಿತು. ತಾನು ಬಿದ್ದರೆ ಅವನನ್ನು ಎತ್ತುವವರು ಯಾರು? ಅಂದಿನಿಂದಲೇ ಅವಳು ತಮ್ಮನ ಸಪ್ಪೆ ಗಂಜಿಯ ಪಾತ್ರೆಯಲ್ಲೇ ತನಗೂ ಬೇಯಿಸಿಕೊಂಡಳು. ಹಂಡೆಯ ಹನಿಯನ್ನೂ ನೆಕ್ಕಿ ಉಗಿಯತೊಡಗಿದಳು. ಮೊದಮೊದಲು ಒದ್ದೆ ಗೋಣಿಚೀಲ ಅಗಿದ ಹಾಗಿತ್ತು. ಅಕ್ಕನ ಮುಖ ನೋಡಿ ತಮ್ಮ ಅರ್ಧ ಬಾಯಲ್ಲಿ ನಕ್ಕ. "ನಗು ಕಣೋ, ನಗು. ನಿನ್ನ ಪಂಕ್ತೀಲೇ ಕೂತಿದೀನಿ," ಎಂದಳು.

ಬರಬರುತ್ತ ನಾಲಿಗೆ ಕಣ್ಣು ಬಿಟ್ಟಿತು. ಕುಂಬಳಕಾಯಿಯಲ್ಲಿ ಸಿಹಿ ಇದೆ, ಸೊಪ್ಪಿಗೆ ತನ್ನದೇ ಒಂದು ಉಪ್ಪಿದೆ ಎಂದು ಇಷ್ಟು ವಯಸ್ಸಿಗೆ ಅವಳಿಗೆ ಗೊತ್ತಾಯಿತು. ಡಾಕ್ಟರಮ್ಮ ಮತ್ತೆ ಬಂದಾಗ ಮುಳ್ಳು ಇಳಿದಿತ್ತು. ಅಕ್ಕತಮ್ಮ ಇಬ್ಬರೂ ಆ ದಿನ ಒಂದು ಹಣ್ಣು ಹಂಚಿಕೊಂಡು ತಿಂದರು.

ಆದರೆ ದೇವರು ಒಂದು ಕೈಯಲ್ಲಿ ಕೊಟ್ಟು ಎರಡು ಕೈಯಲ್ಲಿ ಬಾಚಿಕೊಂಡ. ಅತ್ತ ಕ್ಯಾಂಟೀನಿನಲ್ಲಿ ಉಪ್ಪಿನ ಬಟ್ಟಲಿನ ಧೂಳು ಹಾರಿಹೋಗಿತ್ತು.

"ಏನ್ ಹದದಕ್ಕಾ, ನಮ್ಗೆಲ್ಲಾ ಬಾಣಂತಿ ಊಟನಾ?" ಎಂದು ಒಬ್ಬ ಕೂಗಿದ.

"ಉಪ್ಪಿನ ಮೇಲೆ ಮುನಿಸ್ಕೊಂಡಿದಾಳೆ ಕಣ್ರೋ!" ಎಂದ ಇನ್ನೊಬ್ಬ.

ಅವಳ ಬಾಯಿಗೆ ಅದೇ ಬೇಳೆ ಸಮುದ್ರದ ನೀರಿನ ಹಾಗಿತ್ತು. ಇನ್ನೊಂದು ಹಿಡಿ ಹಾಕಲು ಕೈ ಏಳುತ್ತಿರಲಿಲ್ಲ. ತರಕಾರಿ ಹೆಚ್ಚುವವಳನ್ನು ಕರೆದು, "ನೀನಾದ್ರೂ ನೋಡೇ," ಎಂದಳು.

ಅವಳು ಕೆನ್ನೆಯೊಳಗಿನ ಹೊಗೆಸೊಪ್ಪನ್ನು ಪಕ್ಕಕ್ಕೆ ದೂಡಿ ಚಪ್ಪರಿಸಿದಳು. "ನನ್ನ ನಾಲಿಗೆ ಸತ್ತು ಎಷ್ಟೋ ಕಾಲ ಆಯ್ತು ಕಣಕ್ಕಾ. ಬಿಸಿಯಾಗಿದೆ, ಅಷ್ಟು ಹೇಳ್ಬಲ್ಲೆ."

ಕೊನೆಗೆ ಹದದಕ್ಕ ಎಂದೂ ಮಾಡದ ಕೆಲಸ ಮಾಡಿದಳು: ಹಳೆಯ ಹದದ ಲೆಕ್ಕ ನೆನೆದು, ಉಪ್ಪಿಗೆಂದು ಒಂದು ಅಳತೆಯ ಲೋಟ ಗೊತ್ತುಮಾಡಿದಳು. ಕೆಲವು ದಿನ ಬಂಡಿ ನೆಟ್ಟಗೆ ಓಡಿತು. ಒಂದು ದಿನ ಉಗ್ರಾಣದವನು ಹರಳುಪ್ಪು ಮುಗಿದಿದೆಯೆಂದು ಪುಡಿಯುಪ್ಪು ಕಳಿಸಿದ. ಅದೇ ಲೋಟ, ಅದೇ ಅಳತೆ. ಹರಳಿನ ಸಂದಿಯಲ್ಲಿ ಗಾಳಿ ಇರುತ್ತದೆ. ಪುಡಿ ಒತ್ತಾಗಿ ಕೂರುತ್ತದೆ. ಇದು ಅವಳಿಗೆ ಗೊತ್ತಿಲ್ಲದ್ದಲ್ಲ. ಆದರೆ ಹಿಡಿಯಿಂದ ಹಾಕಿಯೇ ರೂಢಿಯಾದವಳಿಗೆ ಲೋಟದ ಮೋಸ ಹೊಳೆಯಲಿಲ್ಲ. ನೆಕ್ಕಿ ನೋಡಿದಳು. ನಾಲಿಗೆ ಸುಟ್ಟಂತೆ ಉರಿಯಿತು. ನಾಲಿಗೆ ಬೇಡ ಎಂದು ಕಿರುಚಿದ್ದು ನಿಜ. ಆದರೆ ಈಚೆಗೆ ಅದು ದಿನಾ ಕಿರುಚುತ್ತಿತ್ತಲ್ಲ! 'ಇದರ ಮಾತು ಕೇಳಿಯೇ ಮಾನ ಹೋಗಿದ್ದು' ಎಂದುಕೊಂಡು ಹಂಡೆ ಇಳಿಸಿದಳು.

ಮೊದಲ ತುತ್ತಿಗೇ ಊಟದ ಸಾಲು ಎದ್ದು ನಿಂತಿತು. ಹಂಡೆಯ ಬೇಳೆಯನ್ನೆಲ್ಲ ಮೋರಿಗೆ ಸುರಿದರು. ಗಿರಣಿಯವರು ಒಣ ಅನ್ನ ತಿಂದು ಯಂತ್ರಕ್ಕೆ ಹೋದರು.

ಸೂಪರ್‌ವೈಸರ್ ಬಂದು ಬಾಗಿಲಲ್ಲಿ ನಿಂತ.

"ಸಾರ್, ಎಲ್ಲರಿಗೂ ಸ್ವಲ್ಪ ಸ್ವಲ್ಪವಾಗಿ ಉಪ್ಪು ಇಳಿಸೋಣ. ನನ್ನ ತಮ್ಮನೂ ಇದೇ ಹಂಡೇಲಿ ಉಂಡೋನು," ಎಂದಳು.

"ನಿನ್ನೊಬ್ಬಳ ಬಿಪಿಗೆ ಇಡೀ ಗಿರಣಿಗೆ ಪಥ್ಯಾನಾ? ನೋಡಮ್ಮಾ, ಇನ್ನೊಂದ್ಸಲ ಹಿಂಗಾದ್ರೆ ಪಾತ್ರೆ ತೊಳೆಯೋ ಕಡೆ ಹೋಗು. ಕೋಣೆ ಹೊಸ ಅಡುಗೆಯವರಿಗೆ ಬೇಕಾಗುತ್ತೆ."

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. ಅತ್ತ ದರಿ, ಇತ್ತ ಹುಲಿ; ಹುಲಿ ನಾಳೆ ಬರಬಹುದು, ದರಿ ಇವತ್ತೇ ಬಾಯಿ ತೆರೆದಿತ್ತು.

ಲೋಟವನ್ನು ಇನ್ನು ನಂಬುವ ಹಾಗಿರಲಿಲ್ಲ, ಹಳೆಯ ನಾಲಿಗೆಯೇ ವಾಪಸ್ಸು ಬೇಕಿತ್ತು. ಆ ಮಧ್ಯಾಹ್ನ ಕೋಣೆಗೆ ಉಪ್ಪಿನ ಡಬ್ಬಿ ಬಂತು. ತಮ್ಮನ ಗಂಜಿಯನ್ನು ಬೇರೆ ತೆಗೆದಿಟ್ಟು ತನ್ನ ತಟ್ಟೆಗೆ ಉಪ್ಪು ಸುರಿದು ಕಲಸಿದಳು. ತಮ್ಮ ಎಡಗೈ ಚಾಚಿ ಡಬ್ಬಿ ಕಸಿದು ದಿಂಬಿನ ಕೆಳಗೆ ತುರುಕಿದ.

"ಬ್ಯಾ... ಬ್ಯಾ..."

"ಬೇಡ ಅಂದ್ರೆ ನಿನ್ನ ಮಂಚ ಎಲ್ಲಿ ಹಾಕ್ಲೋ ತಮ್ಮಾ? ರಸ್ತೇಲಾ?" ಎಂದು ದಿಂಬಿನಡಿಯಿಂದ ಡಬ್ಬಿ ಎಳೆದು, ಅವನ ಕೈಗೆ ಎಟುಕದ ಗೂಡಿನಲ್ಲಿಟ್ಟಳು. ಮೊದಲ ತುತ್ತಿಗೇ ನಾಲಿಗೆ ಉರಿಯಿತು. ನೀರು ಕುಡಿದು ಇಳಿಸಿದಳು.

ನಾಲಿಗೆ ಕಲಿತದ್ದನ್ನು ಮರೆಯಲು ಬಹಳ ಕಾಲ ತೆಗೆದುಕೊಳ್ಳಲಿಲ್ಲ. ಕುಂಬಳಕಾಯಿಯ ಸಿಹಿ ಮೊದಲು ಹೋಯಿತು, ಸೊಪ್ಪಿನ ಉಪ್ಪು ಆಮೇಲೆ. ಒಂದು ದಿನ ಹನಿ ನೆಕ್ಕಿ ಕಣ್ಣು ಮುಚ್ಚಿದಾಗ ಹಳೆಯ ತೀರ್ಪು ಹಳೆಯ ಜಾಗದಲ್ಲೇ ಸಿಕ್ಕಿತು. "ಬಂದ್ಲಪ್ಪಾ ನಮ್ಮ ಹದದಕ್ಕ!" ಎಂದು ಊಟದವರು ತಟ್ಟೆ ಬಡಿದರು. ಅವಳು ನಕ್ಕಳು. ತಲೆಯ ಹಿಂದೆ ಹಳೆಯ ನೋವೂ ವಾಪಸ್ಸು ಬಂದಿತ್ತು.

ಡಾಕ್ಟರಮ್ಮ ತಪಾಸಣೆಗೆ ಬಂದು ಕರೆಕಳಿಸಿದಾಗ, ಬೇಳೆ ತಳ ಹಿಡಿಯುತ್ತದೆ, ಬರಲಾಗುವುದಿಲ್ಲ ಎಂದು ಹೇಳಿಸಿದಳು.

ಈಗ ಮೇಜಿನ ಮೇಲಿನ ಉಪ್ಪಿನ ಬಟ್ಟಲಿಗೆ ಮತ್ತೆ ಧೂಳು ಕೂತಿದೆ. ಅಕ್ಕ ತಮ್ಮನಿಗೆ ಮೊದಲು ಉಣಿಸಿ, ಬಾಯಿ ಒರೆಸಿ, ತನ್ನ ತಟ್ಟೆ ಹಿಡಿದು ಗೋಡೆಯ ಕಡೆ ತಿರುಗಿ ಕೂರುತ್ತಾಳೆ. ಬೆನ್ನ ಹಿಂದೆ ಅವನ ಎಡಗೈ ಮಂಚದ ಹಲಗೆಯನ್ನು ಬಡಿಯುತ್ತಲೇ ಇರುತ್ತದೆ, ಅವಳು ತಟ್ಟೆ ತೊಳೆಯಲು ಏಳುವವರೆಗೂ.