ಕೊಸ್ಮೆಯ ಬೆನ್ನಿಗೆ ಒಂದು ಏಟು

"ನೋಡು ಮಗಳೇ, ಕಾರ್ಡು ನನ್ನ ಭಾವಮೈದುನ ಎಲಾದಿಯೊಂದು, ಸೀಟೂ ಅವಂದೇ. ಕಾರ್ಡು ಇಸ್ಕೊಂಡ್ಮೇಲೆ ಅವನ ಕೆಲಸಾನೂ ನೀನೇ ಮಾಡ್ಬೇಕು. ಪೆನಾಲ್ಟಿ ಅಂತ ಸೀಟಿ ಊದಿದ್ರು ಅಂದ್ರೆ ನಾನು ಅಲ್ಲಿರಲ್ಲ. ಮೆಟ್ಟಿಲಿಳ್ದು ಕೆಳಗೋಗಿ, ಗೋಡೆ ಕಡೆ ಮುಖ ಮಾಡಿ, ಕಣ್ಮುಚ್ಚಿ, ಎರಡೂ ಕಿವೀಗೆ ಬೆರಳಿಟ್ಕೊಂಡು ನಿಂತಿರ್ತೀನಿ. ಮದುವೆ ಆದ ವರ್ಷ ಒಂದೇ ಒಂದ್ಸಲ ನೋಡಿದ್ದೆ, ಚೆಂಡು ಗೋಲು ಬಿಟ್ಟು ಆಕಾಶಕ್ಕೆ ಹೋಯ್ತು. ಆವತ್ತೇ ಕೊನೆ. ನೀನು ನೋಡು. ಒಳ್ಳೇದಾದ್ರೆ ಬಂದು ನನ್ನ ಬೆನ್ನಿಗೆ ಒಂದೇಟು ಹಾಕು. ಕೆಟ್ಟದ್ದಾದ್ರೆ ಬರ್ಬೇಡ. ನಾನು ನೂರು ಎಣಿಸ್ತೀನಿ, ಅಷ್ಟ್ರಲ್ಲಿ ಏಟು ಬೀಳ್ಲಿಲ್ಲ ಅಂದ್ರೆ ತಿಳ್ಕೊಂಡು ಮನೆಗೆ ಹೋಗ್ತೀನಿ. ಏಟು ಗಟ್ಟಿಯಾಗಿರ್ಲಿ. ಎಲಾದಿಯೊ ಹೊಡೆದ್ರೆ ಮೂರು ದಿನ ನೋಯ್ತಿತ್ತು. ಆಹಾ, ಎಂಥಾ ನೋವು ಅದು!"

ನನ್ನ ಅಡುಗೆಮನೆಯಲ್ಲಿ ಕುಳಿತು ಕೊಸ್ಮೆ ಇಷ್ಟನ್ನೂ ಹೇಳಿದ್ದು ಲಿಗಿತಾಳಿಗೆ. ಲಾಟ್ವಿಯಾ ದೇಶದ ಹುಡುಗಿ, ಒಂದು ವರ್ಷ ಸಮುದ್ರದ ವಿಷಯ ಓದಲು ನಮ್ಮ ಕಡಲತೀರದ ಊರು ಕಾದಿಸ್‌ಗೆ ಬಂದು ನನ್ನ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಒಳ್ಳೆಯ ಹುಡುಗಿ, ಆದರೆ ಬಲು ಬಿಗಿ. ನಮ್ಮ ಪದ್ಧತಿಯಂತೆ ಕೆನ್ನೆಗೆ ಮುತ್ತಿಡಲು ಹೋದರೆ ಹಿಂದೆ ಸರಿದು ಬಾಗಿಲಿಗೆ ಒರಗುತ್ತಿದ್ದಳು. ಊರಿಗೆ ಹೊರಡುವ ಮುಂಚೆ ಒಂದು ಫುಟ್‌ಬಾಲ್ ಆಟವನ್ನಾದರೂ ಕಣ್ಣಾರೆ ನೋಡಬೇಕೆಂಬುದು ಅವಳ ಆಸೆ. ಟಿಕೆಟ್ಟು ಎಲ್ಲೂ ಸಿಗಲಿಲ್ಲ. ಎಲಾದಿಯೊ ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದರಿಂದ ಅವನ ಈ ವರ್ಷಪೂರ್ತಿ ಟಿಕೆಟ್ಟಿನ ಕಾರ್ಡು ಬಂತು.

ಕೊಸ್ಮೆಯದು ನಮ್ಮ ಕೆಳಗಿನ ಮನೆ. ಮೂವತ್ತೆಂಟು ವರ್ಷ ಈ ಬೀದಿಗಳ ಮೆಟ್ಟಿಲುಗಳಲ್ಲಿ ಗ್ಯಾಸ್ ಸಿಲಿಂಡರ್ ಹೊತ್ತವನು. ಬಲಭುಜ ಇನ್ನೂ ಎಡಕ್ಕಿಂತ ಕೆಳಗಿದೆ. ಬೆಟ್ಟದಂಥ ಆಳು, ಎದೆ ಮಾತ್ರ ಗುಬ್ಬಚ್ಚಿಯದು. ಹೆಣ್ಣುಮಕ್ಕಳು ಹುಟ್ಟಿದಾಗಲೂ ಆಸ್ಪತ್ರೆಯ ಒಳಗಿರದೆ ಬೀದಿಯ ಕೊನೆಯಲ್ಲಿ ನಿಂತಿದ್ದನಂತೆ. ಅಲ್ಲೇ ಕೂತಿದ್ದ ಹೆಂಡತಿ ಮಿಲಾಗ್ರೊಸ್ ಸುಮ್ಮನಿರುತ್ತಾಳೆಯೇ? "ಮದುವೇಲಿ ಪಾದ್ರಿ 'ಒಪ್ಪಿಗೇನಾ' ಅಂತ ಕೇಳ್ದಾಗ್ಲೂ ಕಣ್ಮುಚ್ಚಿದ್ದ ಕಣೇ. ತೆಗೆದಿದ್ರೆ ನಾನು ಬಚಾವಾಗ್ತಿದ್ದೆ," ಎಂದಳು.

"ತೆಗೆದಿದ್ರೆ ನಾನೇ ಓಡೋಗ್ತಿದ್ದೆ," ಎಂದ ಕೊಸ್ಮೆ.

ಅದು ವರ್ಷದ ಕೊನೆಯ ಆಟ. ಗೆದ್ದರೆ ನಮ್ಮ ತಂಡ ಮೊದಲ ದರ್ಜೆಯಲ್ಲಿ ಉಳಿಯುತ್ತದೆ, ಸಮವಾದರೂ ಕೆಳಗಿನ ದರ್ಜೆಗೆ ಬೀಳುತ್ತದೆ. ಆ ವಾರವೆಲ್ಲ ಕೊಸ್ಮೆಗೆ ಊಟ ಸೇರಲಿಲ್ಲ. ಗೆಲ್ಲುತ್ತೇವೆ ಎಂಬ ಮಾತನ್ನು ಬೀದಿಯಲ್ಲಿ ಯಾರೂ ಬಾಯಿಗೆ ತರಲಿಲ್ಲ. ಬಾಯಿಬಿಟ್ಟು ಹೇಳಿದರೆ ಗೆಲುವು ಕೈ ತಪ್ಪುತ್ತದೆಂಬ ನಂಬಿಕೆ. ನಾನು ಇಬ್ಬರಿಗೂ ಆಲೂಗಡ್ಡೆ ಆಮ್ಲೆಟ್ ಇಟ್ಟು ಬ್ರೆಡ್ಡು ಕಟ್ಟಿಕೊಟ್ಟೆ. "ಅರ್ಧ ಆಟ ಮುಗಿಯೋ ತನಕ ಬಿಚ್ಬೇಡ," ಎಂದು ಹುಡುಗಿಗೆ ಹೇಳಿದೆ. ಆಮೇಲಿನದನ್ನು ಇಬ್ಬರ ಬಾಯಿಂದಲೂ ಬೇರೆಬೇರೆಯಾಗಿ ಕೇಳಿದ್ದೇನೆ, ಎರಡೂ ತಾಳೆಯಾಗುತ್ತವೆ.

ಎರಡೂ ಕಡೆ ಒಂದೂ ಗೋಲಿಲ್ಲ. ಆಟ ಮುಗಿಯಲು ಎರಡೇ ನಿಮಿಷವಿರುವಾಗ ಎದುರಾಳಿಯೊಬ್ಬ ನಮ್ಮ ಹುಡುಗನ ಕಾಲಿಗೆ ಅಡ್ಡ ಬಂದ. ಸೀಟಿ ಊದಿತು. ಪೆನಾಲ್ಟಿ! ಲಿಗಿತಾ ಪಕ್ಕಕ್ಕೆ ತಿರುಗುವಷ್ಟರಲ್ಲಿ ಕೊಸ್ಮೆಯ ಸೀಟು ಖಾಲಿ, ಮೇಲೆ ಸೂರ್ಯಕಾಂತಿ ಬೀಜದ ಸಿಪ್ಪೆ ಮಾತ್ರ.

ಗೋಲಾಯಿತು.

"ಆಮೇಲೆ ಏನಾಯ್ತೋ ಗೊತ್ತಾಗ್ಲಿಲ್ಲ ಅಜ್ಜಿ," ಎಂದಳು ಲಿಗಿತಾ. "ಹಿಂದಿನ ಸಾಲಿನವರು ನನ್ನ ಮೇಲೇ ಬಿದ್ರು. ಒಬ್ಳು ದಪ್ಪ ಹೆಂಗ್ಸು ಎರಡೂ ಕೆನ್ನೆಗೆ ಮುತ್ತಿಟ್ಟು, ನನ್ನನ್ನ ಗಂಡನ ಕೈಗೆ ಕೊಟ್ಲು. ಅವನೆತ್ತಿ ಇನ್ನೊಬ್ಬನಿಗೆ ಕೊಟ್ಟ. ನಾನೂ ಯಾರ್ಯಾರಿಗೋ ಮುತ್ತಿಟ್ಟೆ. ನಮ್ಮ ಭಾಷೇಲಿ ಕೂಗಾಡ್ತಿದ್ದೆ. ಕೊಸ್ಮೆ ನೆನಪೇ ಇರ್ಲಿಲ್ಲ!"

ಕೊನೆಗೆ ನೆನಪಾಯಿತು. ಮೆಟ್ಟಿಲು ಹಾರಿಕೊಂಡು ಕೆಳಗೆ ಓಡಿದಳು. ಗೋಡೆ ಇತ್ತು, ಕೊಸ್ಮೆ ಇರಲಿಲ್ಲ. ನೂರು ಮುಗಿದಿತ್ತು.

ಹೆಚ್ಚುವರಿ ನಿಮಿಷಗಳ ಆಟ ಇನ್ನೂ ನಡೆಯುತ್ತಿತ್ತು. ಹೊರಗೆ ಹೋದರೆ ಮತ್ತೆ ಒಳಗೆ ಬಿಡುವುದಿಲ್ಲವೆಂದು ಕಾವಲಿನವನು ಹೇಳಿದ. ಇಡೀ ವರ್ಷ ಕಾದಿದ್ದ ಆಟದ ಕೊನೆ ಅವಳ ಬೆನ್ನ ಹಿಂದಿತ್ತು. ಹೊರಗೇ ಓಡಿದಳು.

ಬೀದಿಯಲ್ಲಿ ನರಪಿಳ್ಳೆಯಿಲ್ಲ. ಊರೆಲ್ಲ ಮೈದಾನದೊಳಗೆ ಇಲ್ಲವೇ ಟೀವಿ ಮುಂದೆ. ದೂರದಲ್ಲಿ ಔಷಧಿ ಅಂಗಡಿಯ ಮುಂದೆ ಒಬ್ಬ ಮುದುಕ ತಲೆ ತಗ್ಗಿಸಿ ಹೋಗುತ್ತಿದ್ದ, ಎರಡೂ ಕಿವಿಗೆ ಇನ್ನೂ ಬೆರಳು. ಕೂಗಿದರೆ ಕೇಳುತ್ತದೆಯೇ? ಓಡಿಹೋಗಿ, ಕೈ ಬೀಸಿ, ಆ ಬೆನ್ನಿಗೆ ಬಿಗಿದಳು ನೋಡಿ!

ಕೊಸ್ಮೆ ಮುಗ್ಗರಿಸಿ ದೀಪದ ಕಂಬ ಹಿಡಿದುಕೊಂಡ. ತಿರುಗಿ ಅವಳ ಮುಖ ನೋಡಿದ. ಕಿವಿಯಿಂದ ಬೆರಳು ತೆಗೆದ.

"ಗೋಲಾ?"

"ಗೋಲು!"

"ಹಾಳಾದೋಳೇ! ನೂರಾದ್ಮೇಲೆ ನಿನ್ನ ಮೇಲಿನ ನಂಬಿಕೆಗೆ ಇನ್ನೂ ಇಪ್ಪತ್ತು ಎಣಿಸ್ದೆ. ಇಲ್ಲೀತನಕ ಬರೋಷ್ಟ್ರಲ್ಲಿ ಎರಡನೇ ದರ್ಜೆ ಊರುಗಳನ್ನೆಲ್ಲಾ ಸುತ್ತಿ ಬಂದೆ!"

"ತಪ್ಪಾಯ್ತು. ಎಲ್ರೂ ಅಪ್ಕೊಂಡ್ಬಿಟ್ರು."

"ಅಪ್ಕೊಳ್ದೆ ಮತ್ತೇನು ಮಾಡ್ತಾರೆ?" ಎಂದು ಅವನೂ ಅಪ್ಪಿಕೊಂಡ. ಹುಡುಗಿ ಹಿಂದೆ ಸರಿಯಲಿಲ್ಲ.

ಮೈದಾನದ ಗೋಡೆಯ ಹೊರಗೆ ಬಂದು ನಿಂತು ಇಬ್ಬರೂ ಕೊನೆಯ ಸೀಟಿಗೆ ಕಾದರು. ಈ ಸಲ ಕಿವಿ ಮುಚ್ಚಲು ಕೊಸ್ಮೆಗೆ ಕೈ ಬಿಡುವಿರಲಿಲ್ಲ. ಎರಡನ್ನೂ ಅವಳೇ ಹಿಡಿದುಕೊಂಡಿದ್ದಳು. ಒಳಗಿನಿಂದ ಗೋಡೆಯೇ ಎದ್ದು ಬರುವಂಥ ಸದ್ದು ಬಂತು. ಉಳಿದೆವು!

ಮರುದಿನ ಬೆಳಿಗ್ಗೆ ನಾನೂ ಲಿಗಿತಾಳೂ ಮಾಳಿಗೆಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆವು. ಕೂಗಿ ಕೂಗಿ ದನಿ ಹೋಗಿದ್ದ ಕೊಸ್ಮೆ ಬೆನ್ನು ಉಜ್ಜಿಕೊಳ್ಳುತ್ತಾ ಹತ್ತಿ ಬಂದ.

"ಎಲಾದಿಯೊಗೆ ಫೋನ್ ಮಾಡ್ದೆ. ನನ್ನ ಬೆನ್ನಿಗೆ ಹೊಡಿಯೋ ಕೆಲಸ ಹೋಯ್ತು ಅಂತ ಅಳ್ತಾ ಇದ್ದಾನೆ. ಅವನಿಗಿಂತ ಇವಳ ಕೈಯೇ ಗಟ್ಟಿ."

"ಜೂನಲ್ಲಿ ನಾನು ಹೋಗ್ತೀನಲ್ಲ," ಎಂದಳು ಲಿಗಿತಾ. "ಮುಂದಿನ ಸಲ ನೀವೇ ನೋಡಿ."

"ನಾನಾ? ತಂಡ ಮುಳುಗಿಸೋ ಆಸೇನಾ ನಿಂಗೆ?"

"ಮಾತು ಸಾಕು. ಈ ತುದಿ ಹಿಡ್ಕೋ," ಎಂದು ದೊಡ್ಡ ಹಾಸಿಗೆ ಹೊದಿಕೆಯ ಒಂದು ಕೊನೆಯನ್ನು ಅವನ ಕೈಗಿಟ್ಟೆ. ಇನ್ನೊಂದು ಲಿಗಿತಾಳ ಕೈಯಲ್ಲಿತ್ತು. ಗಾಳಿ ಅದನ್ನು ಹಾಯಿಯಂತೆ ಉಬ್ಬಿಸಿತು. ಎಳೆದು, ಕೊಡವಿ, ಮೂಲೆಗೆ ಮೂಲೆ ಸೇರಿಸಿ, ಇಬ್ಬರೂ ಮಡಚತೊಡಗಿದರು.