ಆ ಕಾರ್ತಿಕದ ಓವರ್‌ಲೋಡು

ಓವರ್‌ಲೋಡ್ ಎಂಬ ಇಂಗ್ಲಿಷ್ ಪದವನ್ನು ನಾನು ಹೊಳೆನರಸೀಪುರದ ಹೈಸ್ಕೂಲಿನಲ್ಲಿ ವರ್ಷವರ್ಷವೂ ಪಾಠ ಮಾಡಿದವನು. ಹೊರುವ ಶಕ್ತಿಗಿಂತ ಹೆಚ್ಚು ಹೇರುವುದು ಎಂದು ಬೋರ್ಡಿನ ಮೇಲೆ ಬರೆಯುವಷ್ಟರಲ್ಲಿ ಮಕ್ಕಳೇ ಉದಾಹರಣೆ ಕೂಗುತ್ತಿದ್ದರು: ಅರಕಲಗೂಡಿನ ಬಸ್ಸು ಸಾ, ಚನ್ನರಾಯಪಟ್ಟಣದ ತೆಂಗಿನಕಾಯಿ ಲಾರಿ ಸಾ! ಅರ್ಥವೇನೋ ನನಗೆ ಬಾಯಿಪಾಠ. ಆದರೂ ತೊಂಬತ್ತರ ದಶಕದ ಒಂದು ಕಾರ್ತಿಕ ಮಾಸದಲ್ಲಿ ಅದೇ ಪದವನ್ನು ನೆಚ್ಚಿಕೊಂಡು ನಾನೊಂದು ಅನ್ಯಾಯ ಮಾಡಿದೆ.

ನಮ್ಮದು ದೇವಸ್ಥಾನದ ಬೀದಿಯ ಹಳೇ ಮನೆ. ಮುಂದಿನ ಭಾಗದಲ್ಲಿ ನಾನು, ಅಮ್ಮ ಇಬ್ಬರೇ. ಹಿಂದಿನ ಎರಡು ಕೋಣೆಯಲ್ಲಿ ಒಬ್ಬ ನರ್ಸಮ್ಮ ಬಾಡಿಗೆಗಿದ್ದರು. ಹಳ್ಳಿಮೈಸೂರಿನ ಕಡೆಯವರು, ಗಂಡ ತೀರಿಕೊಂಡಿದ್ದರು, ಮಗಳು ಎಸ್ಸೆಸ್ಸೆಲ್ಸಿ ಓದುತ್ತಿದ್ದಳು. ಎರಡು ಮನೆಗೂ ಒಂದೇ ಮೀಟರು, ಒಂದೇ ಹಿತ್ತಲು, ಒಂದೇ ನಲ್ಲಿ.

ಆ ಕಾರ್ತಿಕದಲ್ಲಿ ಎಪ್ಪತ್ತು ದಾಟಿದ್ದ ಅಮ್ಮ ತಿಂಗಳು ಪೂರ್ತಿ ಬೆಳಕು ಹರಿಯುವ ಮುಂಚೆ ತಣ್ಣೀರು ಸ್ನಾನ ಮಾಡುವ ವ್ರತ ಹಿಡಿದಳು. ಹೊಳೆಗಿಳಿಯಲು ಕಾಲು ಸಹಕರಿಸುತ್ತಿರಲಿಲ್ಲ, ಹಿತ್ತಲ ಬಚ್ಚಲಲ್ಲೇ. ನನಗೋ ಹೆಮ್ಮೆಯೋ ಹೆಮ್ಮೆ. ಸ್ಟಾಫ್ ರೂಮಿನಲ್ಲಿ, ದೇವಸ್ಥಾನದ ಜಗಲಿಯಲ್ಲಿ, ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಬೀದಿಯ ಹೆಂಗಸರು ಬಂದು ಅಮ್ಮನ ಕಾಲಿಗೆ ನಮಸ್ಕಾರ ಮಾಡತೊಡಗಿದರು.

ನಾಲ್ಕನೇ ದಿನ ಬೆಳಗಿನ ಐದು ಗಂಟೆಗೆ ಫ್ಯೂಸು ಹೋಯಿತು. ಕಟ್ಟಿದೆ. ಎರಡು ದಿನ ಬಿಟ್ಟು ಮತ್ತೆ ಹೋಯಿತು. ಮೂರನೇ ಸಲ ಲೈನ್‌ಮನ್‌ನನ್ನು ಕರೆಸಿದೆ. ಅವನು ಫ್ಯೂಸು ಕಿತ್ತು ಮೂಸಿ ನೋಡಿದ.

“ಓವರ್‌ಲೋಡು ಸಾ. ಈ ಹಳೇ ವೈರು ಬಲ್ಬು, ಫ್ಯಾನಿಗಷ್ಟೇ ಸರಿ. ಯಾರೋ ನೀರ್ ಕಾಯ್ಸಕ್ಕೆ ಕಾಯಿಲ್ ಆಕ್ತಾವ್ರೆ.”

ಯಾರೋ ಏನು ಬಂತು? ಅಮ್ಮನದು ತಣ್ಣೀರು. ನನ್ನದು ಸೌದೆ ಉರಿಯ ಹಂಡೆ ನೀರು, ಅದೂ ಏಳೂವರೆಗೆ. ಇನ್ನುಳಿದವರು ಯಾರು? ಅವತ್ತಿನಿಂದ ನನಗೆ ಗುಮಾನಿಯ ಹುಚ್ಚು ಹಿಡಿಯಿತು. ಹಲ್ಲುಜ್ಜುವ ನೆಪದಲ್ಲಿ ಹಿತ್ತಲಲ್ಲಿ ನಿಂತು ನರ್ಸಮ್ಮನ ಬಾಗಿಲನ್ನೇ ಕಾಯುತ್ತಿದ್ದೆ. ಸ್ಟೋವಿನ ಸದ್ದು ಕೇಳದಿದ್ದರೆ, ನೋಡು, ಕಾಯಿಲ್ಲೇ! ಕೇಳಿದರೆ, ನನ್ನ ಕಣ್ಣಿಗೆ ಮಣ್ಣೆರಚಲು ಹಚ್ಚಿದ್ದಾಳೆ! ಮಗಳ ತಲೆಗೂದಲು ಒದ್ದೆಯಿದ್ದರೂ ಅನುಮಾನ, ಒಣಗಿದ್ದರೂ ಅನುಮಾನ. ತಾಯಿ ನನ್ನನ್ನು ಕಂಡು ನಕ್ಕರೆ ಅದು ಕಳ್ಳನಗು. ಅವರು ಆಸ್ಪತ್ರೆಗೆ ಹೋದಾಗ ಕಿಟಕಿಯಲ್ಲಿ ಇಣುಕಿಯೂ ನೋಡಿದೆ. ಥೂ, ಈಗ ನೆನೆದರೆ ನಾಚಿಕೆಯಾಗುತ್ತದೆ. ಕಾಯಿಲ್ ಕಾಣಲಿಲ್ಲ. ಟ್ರಂಕಿನಲ್ಲಿ ಬಚ್ಚಿಟ್ಟಿರುತ್ತಾಳೆ ಎಂದುಕೊಂಡೆ.

ಐದನೇ ಸಲ ಫ್ಯೂಸು ಹೋದಾಗ ಸಿಟ್ಟು ನೆತ್ತಿಗೇರಿತು. ಹೋಗಿ ಬಾಗಿಲು ಬಡಿದೆ.

“ಏನಮ್ಮಾ, ಕದ್ದು ಕಾಯಿಲ್ ಹಾಕ್ತೀರಲ್ಲ, ಮನೆ ಹೊತ್ಕೊಂಡು ಉರಿದ್ರೆ ಯಾರು ಹೊಣೆ?”

ನರ್ಸಮ್ಮ ಏನೋ ಹೇಳಲು ಹೊರಟವರು ನನ್ನ ಹಿಂದೆ ಬಂದು ನಿಂತಿದ್ದ ಅಮ್ಮನನ್ನು ನೋಡಿ ತಡೆದರು.

“ನಮ್ತಾವ ಕಾಯಿಲ್ ಇಲ್ಲ ಸಾ,” ಎಂದರು ಅಷ್ಟೇ.

“ಹಂಗಾದ್ರೆ ಓವರ್‌ಲೋಡು ಆಕಾಶದಿಂದ ಇಳೀತಾ? ಮೊದ್ಲು ಮನೆ ಖಾಲಿ ಮಾಡಿ.”

“ಮಗ್ಳು ಪರೀಕ್ಸೆ ಮುಗಿಯೋಗಂಟ ಬುಡಿ ಸಾ. ನಡು ವರ್ಸದಲ್ಲಿ ಮನೆ ಎಲ್ಲಿ ಉಡುಕ್ಲಿ?”

ನಾನು ಜಗ್ಗಲಿಲ್ಲ. ಹುಡುಗಿ ಪುಸ್ತಕ ಎದೆಗವಚಿಕೊಂಡು ಬಾಗಿಲ ಸಂದಿಯಲ್ಲಿ ನಿಂತಿದ್ದಳು. ವಾರದೊಳಗೆ ಅವರು ಹೊಳೆಯಾಚೆ ಒಂದು ಶೀಟಿನ ಮನೆಗೆ ಹೋದರು.

ಅವರು ಹೋದ ಮೂರನೇ ಬೆಳಿಗ್ಗೆ ಮತ್ತೆ ಕರೆಂಟು ಹೋಯಿತು! ಟಾರ್ಚು ಹಿಡಿದು ಹಿತ್ತಲಿಗೆ ಓಡಿದೆ. ಹಿಂದಿನ ಕೋಣೆಗೆ ನಾನೇ ಹಾಕಿದ ಬೀಗ ಹಾಗೇ ಇತ್ತು. ಬಚ್ಚಲ ಬಾಗಿಲ ಪಕ್ಕದ ಪ್ಲಗ್ಗಿನಿಂದ ಒಂದು ವೈರು ಒಳಕ್ಕೆ ಹೋಗಿತ್ತು. ಒಳಗೆ ಅಮ್ಮ ಸೀರೆ ಸುತ್ತಿಕೊಂಡು ನಡುಗುತ್ತ ಕೂತಿದ್ದಳು. ಮುಂದಿನ ಬಕೆಟ್ಟಿನಲ್ಲಿ ಕಾಯಿಲ್ಲು. ವೈರು ಕಿತ್ತು ಕೈಯದ್ದಿದೆ. ನೀರು ಉಗುರುಬೆಚ್ಚಗಿತ್ತು.

“ಮೂರು ದಿನ ತಣ್ಣೀರು ಹುಯ್ಕೊಂಡೆ ಕಣೋ, ಆಗ್ಲಿಲ್ಲ. ನಿನ್ನ ತಂಗಿ ಹಾಸನದಿಂದ ತಂದುಕೊಟ್ಟಿದ್ದ ಕಾಯಿಲ್ ಇದು. ನೀನು ಊರಿಗೆಲ್ಲ ಡಂಗುರ ಸಾರಿದ್ದೀಯ, ಬಿಸಿನೀರು ಬೇಕು ಅಂತ ಯಾವ ಬಾಯಲ್ಲಿ ಕೇಳ್ಲಿ?”

“ಅವರನ್ನ ಓಡಿಸೋವಾಗಲಾದ್ರೂ ಬಾಯಿ ಬಿಡಬಾರದಿತ್ತೇನಮ್ಮಾ?”

ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. “ಅವಳಿಗೆ ಗೊತ್ತಿತ್ತು. ಒಂದಿನ ನಲ್ಲಿ ನೀರಿಗೆ ಬಂದವಳು ನೋಡಿ, ತಾನೇ ಸ್ವಿಚ್ಚು ಆರಿಸಿ, ಕರೆಂಟಿದ್ದಾಗ ನೀರು ಮುಟ್ಟಬೇಡಿ ಅಮ್ಮಾರೆ ಅಂದಿದ್ಲು. ಯಾರಿಗೂ ಹೇಳಬೇಡ ಅಂತ ಕೈ ಹಿಡ್ಕೊಂಡೆ.”

ನನಗೆ ಭೂಮಿಗಿಳಿದು ಹೋದಂತಾಯಿತು. ಅಮ್ಮನ ಮೇಲೆ ರೇಗಲೋ, ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಲೋ ತಿಳಿಯಲಿಲ್ಲ. ಅವತ್ತು ರಜೆ ಹಾಕಿ ಹೊಳೆ ದಾಟಿದೆ.

ನರ್ಸಮ್ಮ ಚಾಪೆ ಹಾಸಿ ಕೂರಿಸಿ ಕಾಫಿ ಕೊಟ್ಟರು. ಅಮ್ಮಾರು ಉಷಾರಾಗಿದಾರಾ ಎಂದು ವಿಚಾರಿಸಿದರು. ತಪ್ಪಾಯಿತು ಎಂದೆ. ವಾಪಸ್ ಬನ್ನಿ, ಪರೀಕ್ಷೆವರೆಗೆ ಮಾತ್ರವಲ್ಲ, ಎಷ್ಟು ವರ್ಷ ಬೇಕಾದರೂ ಇರಿ ಎಂದೆ.

“ಬ್ಯಾಡಿ ಸಾ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. “ನಾಳೆ ನಿಮ್ಮನೇಲಿ ಒಂದ್ ಚಮಚ ಕಳ್ದೋದ್ರೂ ನೀವು ಮೊದ್ಲು ನಮ್ ಬಾಗ್ಲೇ ಬಡೀತೀರಿ.”