ಎಡಗಿವಿಯ ಇಂಜಿನಿಯರ್

ಮೋನಪ್ಪ ಸುವರ್ಣರಿಗೆ ಬಲಗಿವಿ ಅರ್ಧ ಇಲ್ಲ. ಹೊರಗಿನಿಂದ ನೋಡಿದರೆ ಇದೆ. ಒಳಗೆ ಕೀರಲು ಸದ್ದುಗಳೆಲ್ಲ ಸತ್ತುಹೋಗಿವೆ.

ಬೆಳಗಿನ ಆರು ಗಂಟೆ. ಫರೀದಾಬಾದಿನ ಒಂದು ತಗಡಿನ ಶೆಡ್ಡಿನಲ್ಲಿ, ರಿಪೇರಿಯಾದ ಡೀಸೆಲ್ ಜನರೇಟರೊಂದು ನೆಲ ನಡುಗಿಸುತ್ತ ಓಡುತ್ತಿದೆ. ಮೋನಪ್ಪ ಉದ್ದನೆಯ ಉಕ್ಕಿನ ಸಲಾಕೆಯ ಒಂದು ತುದಿಯನ್ನು ಇಂಜಿನ್ನಿಗೆ ಆನಿಸಿ, ಇನ್ನೊಂದನ್ನು ಎಡಗಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ್ದಾರೆ. ಮೆಕ್ಯಾನಿಕ್ ರಾಮ್‌ಬೀರ್ ಟಾರ್ಚ್ ಹಿಡಿದು ಕಾಯುತ್ತಿದ್ದಾನೆ.

"ಮೂರನೇ ಸಿಲಿಂಡರ್. ಬೇರಿಂಗ್ ಹೋಗಿದೆ," ಎನ್ನುತ್ತಾರೆ ಹಿಂದಿಯಲ್ಲಿ.

"ಸರ್‌ಜೀ, ಮೀಟರ್ ತೋ ಠೀಕ್ ಹೈ."

"ಮೀಟರಿಗೆ ಹೆಂಡತಿ ಮಕ್ಕಳಿಲ್ಲಪ್ಪ, ತಪ್ಪು ಹೇಳಿದ್ರೆ ಅದಕ್ಕೇನು ನಷ್ಟ? ಚಲೋ, ಬಿಚ್ಚು."

ಬಿಚ್ಚುತ್ತಾರೆ. ಬೇರಿಂಗಿನ ಒಂದು ಮಗ್ಗುಲು ಸವೆದು ಕನ್ನಡಿಯಂತೆ ಹೊಳೆಯುತ್ತಿದೆ. ರಾಮ್‌ಬೀರ್ ಚಹಾ ತರಲು ಹೋಗುತ್ತಾನೆ.

ಆಸ್ಪತ್ರೆ, ಶೀತಲ ಗೋದಾಮು, ಅಪಾರ್ಟ್‌ಮೆಂಟುಗಳ ಜನರೇಟರುಗಳು ಈ ಶೆಡ್ಡಿಗೆ ಬರುತ್ತವೆ. ಇಲ್ಲಿ ಸೇರಿದ ಹನ್ನೊಂದು ತಿಂಗಳಲ್ಲಿ ಮೋನಪ್ಪ ಪಾಸು ಮಾಡಿ ಕಳಿಸಿದ್ದು ನೂರ ನಲವತ್ತಾರು. ವಾಪಸ್ ಬಂದದ್ದು ಎರಡು. "ಒಂದರಲ್ಲಿ ಇಲಿ ಹೊಕ್ಕಿತ್ತು. ಇನ್ನೊಂದು ನನ್ನದೇ ತಪ್ಪು," ಎನ್ನುತ್ತಾರೆ. ಇಲಿಯ ಮೇಲೆ ಎರಡನ್ನೂ ಹೊರಿಸಬಹುದಿತ್ತು, ಹೊರಿಸುವುದಿಲ್ಲ.

ವಯಸ್ಸು ನಲವತ್ತೆಂಟು. ಹುಟ್ಟಿದ್ದು ಮಲ್ಪೆಯ ಬಳಿ. ಇಪ್ಪತ್ತೆರಡು ವರ್ಷ ಸರಕು ಹಡಗುಗಳ ಹೊಟ್ಟೆಯೊಳಗೆ ದುಡಿದು, ಸೆಕೆಂಡ್ ಇಂಜಿನಿಯರ್ ದರ್ಜೆಗೆ ಏರಿದವರು. ಹೆಂಡತಿ ಜಲಜಾಕ್ಷಿ ಗಾಜಿಯಾಬಾದಿನ ಶಾಲೆಯೊಂದರಲ್ಲಿ ಗಣಿತ ಕಲಿಸುವುದರಿಂದ ಮನೆ ಇಂದಿರಾಪುರಂನಲ್ಲಿ, ಹನ್ನೊಂದನೇ ಮಹಡಿ. "ಮದುವೆಯಾಗಿ ಹತ್ತೊಂಬತ್ತು ವರ್ಷ. ಇವರು ಮನೇಲಿದ್ದದ್ದು ಕೂಡಿಸಿದ್ರೆ ಎಂಟೂ ಆಗಲ್ಲ. ಅದಕ್ಕೇ ಜಗಳ ಕಡಿಮೆ," ಎನ್ನುತ್ತಾರೆ ಜಲಜಾಕ್ಷಿ. ಲೆಕ್ಕದ ಮೇಡಂ, ಲೆಕ್ಕ ತಪ್ಪುವುದಿಲ್ಲ.

ಇಂದಿರಾಪುರಂನಲ್ಲಿ ದೇವಕಿ ಎಂಬವರ ಇಡ್ಲಿ–ದೋಸೆ ಕ್ಯಾಂಟೀನಿದೆ. ಪ್ರತಿ ಶನಿವಾರ ಸಂಜೆ ಏಳಕ್ಕೆ ಅಲ್ಲಿ ಮೇಜುಗಳನ್ನು ಗೋಡೆಗೆ ಸರಿಸಿ ಕರಾವಳಿಯ ಹತ್ತಾರು ಮನೆಯವರು ಭಜನೆಗೆ ಕೂರುತ್ತಾರೆ. ರಜೆಯಲ್ಲಿ ಬಂದಾಗ ತಾಳ ಮೋನಪ್ಪರದೇ. ಕಡಲಲ್ಲಿದ್ದಾಗಲೂ ಶನಿವಾರ ಬಿಟ್ಟವರಲ್ಲ. ಹಡಗಿನ ಗಡಿಯಾರ ಏನೇ ಹೇಳಲಿ, ಇಂದಿರಾಪುರಂನಲ್ಲಿ ಏಳು ಹೊಡೆಯುವ ಹೊತ್ತಿಗೆ ಇಂಜಿನ್ ಕೋಣೆಯಲ್ಲಿ ಅವರ ತುಟಿ ಅಲುಗುತ್ತಿತ್ತು. ಕ್ಯಾಬಿನ್ನಿನಲ್ಲಿ ದೀಪ ಹಚ್ಚುವಂತಿಲ್ಲ, ಬೆಂಕಿಯ ಭಯ. ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದ್ದ ದೇವರ ಪಟಕ್ಕೆ ಕೈ ಮುಗಿದರೆ ಪೂಜೆ ಮುಗಿಯಿತು.

ಕಿವಿ ಕಳೆದುಕೊಂಡದ್ದು ಅವರ ಕೈಯಾರೆ. ಇಂಜಿನ್ ಕೋಣೆಯಲ್ಲಿ ಎರಡೂ ಕಿವಿಗೆ ದಪ್ಪ ಮುಚ್ಚಳ ಹಾಕಿಕೊಳ್ಳಬೇಕು, ನಿಯಮ. ಮೋನಪ್ಪ ಹಾಕಿಕೊಳ್ಳುತ್ತಿದ್ದರು, ಆದರೆ ಬಲಗಡೆಯದನ್ನು ಆಗಾಗ ಎತ್ತುತ್ತಿದ್ದರು. "ಎತ್ತದಿದ್ರೆ ಇಂಜಿನ್ ಏನು ಹೇಳ್ತಿದೆ ಅಂತ ಗೊತ್ತಾಗೋದು ಹೇಗೆ? ಕೈ ತಾನಾಗೇ ಹೋಗ್ತಿತ್ತು."

ಎರಡು ವರ್ಷದ ಹಿಂದೆ ರಜೆಯಲ್ಲಿ ಬಂದವರು ಭಜನೆಯ ನಡುವೆ ತಾಳ ಕೆಳಗಿಟ್ಟರು. ನಾದವೇ ಇಲ್ಲ, ಸೀಳು ಬಿಟ್ಟಿದೆ ಎಂದರು. ದೇವರ ತಾಳವನ್ನು ಗುಜರಿಗೆ ಹಾಕುವಂತಿಲ್ಲ. ಮರುದಿನ ಕಾಳಿಂದಿ ಕುಂಜ್ ಬಳಿ ಯಮುನೆಯ ನೊರೆಯಲ್ಲಿ ಮುಳುಗಿಸಿ, ಹೊಸ ಜೊತೆ ತಂದರು. ಮುಂದಿನ ಶನಿವಾರ ಅದೂ ಸೀಳು. ಅದನ್ನೂ ಯಮುನೆಗೆ ಕೊಟ್ಟರು. ಮೂರನೆಯದನ್ನೂ ಕೆಳಗಿಟ್ಟಾಗ ಮಗಳು ಭವ್ಯಶ್ರೀ, ಹದಿನೈದರ ಹುಡುಗಿ, ಎದ್ದು ಬಂದಳು. ತಾಳವನ್ನು ಅಪ್ಪನ ಎಡಗಿವಿಯ ಹತ್ತಿರ ಬಡಿದಳು. ಆಮೇಲೆ ಬಲಗಿವಿಯ ಹತ್ತಿರ.

"ಪಪ್ಪಾ, ತಾಳ ಬಿಲ್ಕುಲ್ ಠೀಕ್ ಹೈ. ಪ್ರಾಬ್ಲಮ್ ನಿಮ್ದು."

ಮೊದಲು ಬಾಯಿ ಬಿಟ್ಟವರು ದೇವಕಿ: "ಅಯ್ಯೋ ಮಾರಾಯ್ರೆ, ಹಾಗಾದ್ರೆ ಯಮುನೆಗೆ ಹಾಕಿದ್ದು ಒಳ್ಳೇ ತಾಳವಾ!"

ಎಲ್ಲರೂ ನಕ್ಕರು. ಮೋನಪ್ಪರಿಗೆ ನಗು ಬರಲಿಲ್ಲ. ಚೀಫ್ ಇಂಜಿನಿಯರ್ ಆಗಿ ಮೊದಲ ಹಡಗು ಏರಬೇಕೆಂಬ ಪತ್ರ ಆ ವಾರವೇ ಬಂದಿತ್ತು. ಏರುವ ಮೊದಲು ವೈದ್ಯಕೀಯ ಪರೀಕ್ಷೆ, ಅದರಲ್ಲಿ ಕಿವಿಯದೂ ಒಂದು.

ಪರೀಕ್ಷೆಗೆ ಗಾಜಿನ ಗೂಡಿನಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಲು ಹೇಳುತ್ತಾರೆ. ಹಳೆಯ ಸಹೋದ್ಯೋಗಿಯೊಬ್ಬರು ಫೋನಿನಲ್ಲಿ ಗುಟ್ಟು ಹೇಳಿಕೊಟ್ಟಿದ್ದರು: ಸದ್ದು ಬಿಡುವವರ ಬೆರಳು ಗಾಜಿನಲ್ಲಿ ಕಾಣುತ್ತದೆ, ಬೆರಳು ಕೆಳಗಿಳಿದಾಗ ನೀನೂ ಒತ್ತು.

"ಬೆರಳು ಚೆನ್ನಾಗೇ ಕಾಣ್ತಿತ್ತು. ಬಲಗಿವೀಲಿ ದಪ್ಪ ಸದ್ದೆಲ್ಲ ಕೇಳಿಸಿತು, ಒತ್ತಿದೆ. ಆಮೇಲೆ ಬೆರಳು ಇಳೀತು, ಸದ್ದು ಬರಲಿಲ್ಲ. ಮತ್ತೆ ಇಳೀತು, ಬರಲಿಲ್ಲ. ನೋಡ್ತಾ ಕೂತ್ರೆ ಒತ್ತಿಬಿಡ್ತೀನಿ ಅನ್ನಿಸಿತು. ಭಜನೇಲಿ ಮುಚ್ಚೋ ಹಾಗೆ ಕಣ್ಣು ಮುಚ್ಚಿಬಿಟ್ಟೆ."

ಕಣ್ಣು ಮುಚ್ಚಿದ್ದೇಕೆ ಎಂದು ಕೇಳಿದರೆ ದೇವರ ಹೆಸರು ತೆಗೆಯುವುದಿಲ್ಲ, ಇಂಜಿನ್ನಿನ ಹೆಸರು ತೆಗೆಯುತ್ತಾರೆ. "ಎಣ್ಣೆ ಪೈಪು ಕೂದಲೆಳೆಯಷ್ಟು ಬಿರುಕು ಬಿಟ್ರೆ 'ಸುಯ್' ಅಂತ ಸಣ್ಣ ಸದ್ದು ಬರುತ್ತೆ. ಬಿಸಿ ಕಬ್ಬಿಣದ ಮೇಲೆ ಆ ಎಣ್ಣೆ ಬಿದ್ರೆ ಬೆಂಕಿ. ನನ್ನ ಕೈಕೆಳಗೆ ಎಂಟು ಜನ ಇರ್ತಾರೆ, ಎಲ್ಲರಿಗೂ ಮನೆ ಇದೆ. ಬಲಗಡೆಯಿಂದ ಬಂದ್ರೆ ಆ ಸುಯ್ ನನಗೆ ಕೇಳಲ್ಲ. ಇಲ್ಲಿ ಹಾಗಲ್ಲ, ಸೋರಿಕೆ ನೋಡೋಕೆ ರಾಮ್‌ಬೀರನ ಟಾರ್ಚ್ ಸಾಕು. ಇಂಜಿನ್ನಿನ ಹೊಡೆತ ಹಿಡಿಯೋಕೆ ನನ್ನ ಮೂಳೆ ಸಾಕು."

ಫಲಿತಾಂಶದ ಹಾಳೆಯಲ್ಲಿ 'ಕಡಲ ಸೇವೆಗೆ ಅನರ್ಹ' ಎಂದಿತ್ತು. ಜಲಜಾಕ್ಷಿ ಓದಿ, "ಒಂದು ಕಣ್ಣಾದ್ರೂ ತೆರೆದಿಡಬಹುದಿತ್ತಲ್ಲ," ಎಂದರು. ಆಮೇಲೆ ಬಾಗಿಲ ಬಳಿ ತುಂಬಿಟ್ಟಿದ್ದ ಸೂಟ್‌ಕೇಸನ್ನು ತಾವೇ ಬಿಚ್ಚಿ, ಬಟ್ಟೆಗಳನ್ನು ಕಪಾಟಿನಲ್ಲಿ ಜೋಡಿಸಿದರು. ಖಾಲಿ ಪೆಟ್ಟಿಗೆ ಅಟ್ಟಕ್ಕೆ ಹೋಯಿತು.

ಈಗ ಮೋನಪ್ಪ ನಾಲ್ಕಕ್ಕೆ ಏಳುತ್ತಾರೆ. ಮನೆಯಲ್ಲಿ ನಿಜವಾದ ದೀಪ ಹಚ್ಚುತ್ತಾರೆ, ಐದಕ್ಕೆ ಹೊರಡುತ್ತಾರೆ. ಶನಿವಾರ ಮಾತ್ರ ಯಾರು ಏನೇ ತಂದಿಟ್ಟರೂ ಸಂಜೆ ಐದು ಗಂಟೆಗೆ ಶೆಡ್ಡು ಬಿಡುತ್ತಾರೆ. ಮೂರನೆಯ ಜೊತೆ ತಾಳ ಇನ್ನೂ ಅವರ ಕೈಯಲ್ಲೇ ಇದೆ. ಬಡಿದ ಮೇಲೆ ಅಂಗೈಗೆ ಹತ್ತುವ ನಡುಕ ಲೆಕ್ಕ ಹಿಡಿಯುತ್ತದೆ. ದೇವಕಿ ಅವರನ್ನು ಎಡಗಿವಿ ಹಾರ್ಮೋನಿಯಮ್ಮಿನ ಕಡೆ ಇರುವಂತೆ ಕೂರಿಸುತ್ತಾರೆ. ತಾಳ ತಪ್ಪಿದ್ದಿಲ್ಲ.

ಆಸೆ ಏನಾದರೂ ಇದೆಯೇ? "ಆಸ್ಪತ್ರೇಲಿ ಕರೆಂಟ್ ಹೋದಾಗ ನಾನು ಪಾಸ್ ಮಾಡಿದ ಇಂಜಿನ್ ಒಂದೇ ಸಲಕ್ಕೆ ಶುರುವಾಗಬೇಕು. ಬಸ್."

ಇದರಲ್ಲೆಲ್ಲ ಹೋದದ್ದೆಷ್ಟು ಎಂದರೆ ಎಣ್ಣೆಗಪ್ಪಿನ ಬೆರಳು ಮಡಿಸಿ ಎಣಿಸುತ್ತಾರೆ. ಒಂದು ಚೀಫ್ ಹುದ್ದೆ. ಅರ್ಧ ಕಿವಿ. ಎರಡು ಜೊತೆ ಒಳ್ಳೆಯ ತಾಳ.